ತೋಟದ ಬೇಲಿ ಎಲ್ಲಿಯವರೆಗೆ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ - ಚಿಕ್ಕಮಗಳೂರು ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಸಂಚರಿಸಿದವರಿಗೆ ಒಂದು ನೋಟ ಚಿರಪರಿಚಿತ. ಮೇಲೆ ಕಾಡು ಹೊದ್ದ ಗುಡ್ಡ. ಗುಡ್ಡದ ಬುಡದಲ್ಲಿ ಹೆಂಚಿನ ಮನೆ, ಕೊಟ್ಟಿಗೆ. ಮನೆಯ ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ. ಅಡಿಕೆ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ನಡುನಡುವೆ ಬಾಳೆ, ಏಲಕ್ಕಿ. ತೋಟದಾಚೆ ಗದ್ದೆ, ಗದ್ದೆಯಾಚೆ ಹಳ್ಳ. ಹಿತ್ತಲಿನಲ್ಲಿ ಕೆಸು, ಬಸಳೆ, ತೊಂಡೆ, ಹಲಸು.

ಪಟ್ಟಣದಿಂದ ಹೋದವರು ಇದನ್ನು ಕಂಡು "ಇದಲ್ಲವೇ ಪರಿಸರಕ್ಕೆ ಒಗ್ಗಿದ ಬದುಕು! ಎಲ್ಲವೂ ಇಲ್ಲೇ ಬೆಳೆಯುತ್ತದೆ, ಎಲ್ಲವೂ ಇಲ್ಲೇ ಮಣ್ಣಿಗೆ ಸೇರುತ್ತದೆ" ಎನ್ನುತ್ತಾರೆ. ಈ ಮಾತು ಎಷ್ಟರ ಮಟ್ಟಿಗೆ ನಿಜ? ಹಿಂದೆ ನಿಜವಾಗಿತ್ತೇ? ಈಗಲೂ ನಿಜವೇ?

ಭೌತಶಾಸ್ತ್ರದ ಪಾಠದಲ್ಲಿ ಯಾವ ಸಮಸ್ಯೆಯನ್ನೇ ಬಿಡಿಸಲು ಹೊರಟರೂ ಮೊದಲು ಮಾಡಬೇಕಾದ ಕೆಲಸ ಒಂದಿದೆ. ನಾವು ಪರಿಶೀಲಿಸುತ್ತಿರುವ ವ್ಯವಸ್ಥೆ ಯಾವುದು, ಅದರ ಗಡಿ ಎಲ್ಲಿದೆ ಎಂದು ನಿರ್ಧರಿಸಬೇಕು. ಗಡಿಯನ್ನು ತಪ್ಪಾಗಿ ಎಳೆದರೆ ಉತ್ತರವೂ ತಪ್ಪುತ್ತದೆ. ಅಡಿಕೆ ತೋಟದ ಇತಿಹಾಸವನ್ನು ಇದೇ ಕಣ್ಣಿನಿಂದ ನೋಡೋಣ. ತೋಟಕ್ಕೆ ಏನು ಒಳಬಂತು, ಏನು ಹೊರಹೋಯಿತು, ಅದರ ನಿಜವಾದ ಬೇಲಿ ಎಲ್ಲಿತ್ತು?

ಸೊಪ್ಪಿನ ಲೆಕ್ಕ

ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆ ಮತ್ತು ಮಲಬಾರುಗಳಲ್ಲಿ ಸಂಚರಿಸಿ ಅಲ್ಲಿನ ಬೇಸಾಯವನ್ನು ವಿವರವಾಗಿ ಬರೆದಿಟ್ಟ. ಅವನ ಮೂರು ಸಂಪುಟಗಳ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಘಟ್ಟದ ಮೇಲಿನ ಅಡಿಕೆ ತೋಟಗಳ ಬಗ್ಗೆ ಅವನು ಬರೆದ ಭಾಗದಲ್ಲಿ ಎದ್ದು ಕಾಣುವುದು ಎಲೆಗೊಬ್ಬರದ ಪ್ರಸ್ತಾಪ. ಕಾಡಿನ ಹಸಿಸೊಪ್ಪು ಮತ್ತು ಕೊಟ್ಟಿಗೆ ಗೊಬ್ಬರ, ಇವೆರಡೇ ತೋಟದ ಆಹಾರ.

ಸೊಪ್ಪು ಎಲ್ಲಿಂದ ಬರುತ್ತಿತ್ತು? ತೋಟದ ಮೇಲಿನ ಬೆಟ್ಟದಿಂದ. ಮಲೆನಾಡಿನಲ್ಲಿ ಅದಕ್ಕೆ 'ಸೊಪ್ಪಿನ ಬೆಟ್ಟ' ಎಂದೇ ಹೆಸರು. ಬೆಟ್ಟದ ಒಡೆತನ ಸರ್ಕಾರದ್ದು. ಅಲ್ಲಿಂದ ಸೊಪ್ಪು ತರುವ ಹಕ್ಕು ತೋಟಗಾರನದು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯ 79ನೆಯ ಪ್ರಕರಣವು ಉತ್ತರ ಕನ್ನಡದ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆಗಳ ಜೊತೆಗೆ ಹಳೆಯ ಮೈಸೂರು ಪ್ರದೇಶದ 'ಕಾನು ಮತ್ತು ಸೊಪ್ಪಿನ ಬೆಟ್ಟ'ಗಳನ್ನೂ ಹೆಸರಿಸಿ ಈ ವಿಶೇಷ ಹಕ್ಕುಗಳನ್ನು ಮಾನ್ಯ ಮಾಡಿದೆ. ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟ ಬಿಟ್ಟುಕೊಡುವ ಪದ್ಧತಿ ಬೆಳೆದು ಬಂದಿತ್ತು.

ಒಂದಕ್ಕೆ ಒಂಬತ್ತು! ಇಷ್ಟೊಂದು ಬೇಕಿತ್ತೇ? ಒಂದು ಚಿಕ್ಕ ಲೆಕ್ಕ ಮಾಡೋಣ. ಕಾಸರಗೋಡಿನ ಕೇಂದ್ರೀಯ ತೋಟಪಟ್ಟಿ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸಿನಂತೆ ಒಂದು ಅಡಿಕೆ ಮರಕ್ಕೆ ವರ್ಷಕ್ಕೆ 12 ಕಿಲೋಗ್ರಾಂ ಹಸಿಸೊಪ್ಪು, 12 ಕಿಲೋಗ್ರಾಂ ಕಾಂಪೋಸ್ಟ್ ಕೊಡಬೇಕು. ಎಕರೆಗೆ ಸುಮಾರು 550 ಮರಗಳೆಂದರೆ ಸೊಪ್ಪೇ 6600 ಕಿಲೋಗ್ರಾಂ. ಒಂಬತ್ತು ಎಕರೆ ಬೆಟ್ಟಕ್ಕೆ ಇದನ್ನು ಹಂಚಿದರೆ ಎಕರೆಗೆ ಸುಮಾರು 730 ಕಿಲೋಗ್ರಾಂ; ಚದರ ಮೀಟರಿಗೆ 180 ಗ್ರಾಂ. ಎರಡು ಹಿಡಿ ಸೊಪ್ಪು. ಮಳೆ ಹೇರಳವಾಗಿರುವ ಗುಡ್ಡ ಇಷ್ಟನ್ನು ವರ್ಷಕ್ಕೊಮ್ಮೆ ಕೊಟ್ಟು ಮತ್ತೆ ಚಿಗುರಬಲ್ಲದು.

ಈಗ ಅದೇ ಒಂಬತ್ತು ಎಕರೆ ಬೆಟ್ಟ ಹಾಗೇ ಇದ್ದು, ತೋಟ ಮಾತ್ರ ಒಂದು ಎಕರೆಯಿಂದ ನಾಲ್ಕು ಎಕರೆಗೆ ಹಬ್ಬಿತು ಎಂದಿಟ್ಟುಕೊಳ್ಳಿ. ಚದರ ಮೀಟರಿಗೆ 700 ಗ್ರಾಮಿಗೂ ಹೆಚ್ಚು ಸೊಪ್ಪು ಕಡಿಯಬೇಕಾಗುತ್ತದೆ. ಕೊಂಬೆ ಚಿಗುರುವ ಮೊದಲೇ ಮತ್ತೆ ಕತ್ತಿ ಬೀಳುತ್ತದೆ. ಕೆಲವು ವರ್ಷಗಳಲ್ಲಿ ಮರ ಮೋಟಾಗಿ, ಗುಡ್ಡ ಬೋಳಾಗುತ್ತದೆ. ಇಂದು ಮಲೆನಾಡಿನಲ್ಲಿ ಕೆಲವು ಸೊಪ್ಪಿನ ಬೆಟ್ಟಗಳು ದಟ್ಟವಾಗಿಯೂ ಕೆಲವು ಬೋಳಾಗಿಯೂ ಇರುವುದರ ಹಿಂದೆ ಬಹುಮಟ್ಟಿಗೆ ಈ ಭಾಗಾಕಾರವಿದೆ. ಎರಡೂ ಕಡೆ ಪದ್ಧತಿ ಒಂದೇ, ಕತ್ತಿಯೂ ಒಂದೇ. ಬದಲಾದದ್ದು ಪ್ರಮಾಣ.

ಅಂದರೆ ಒಂದು ಎಕರೆ ತೋಟದ ನಿಜವಾದ ವಿಸ್ತೀರ್ಣ ಹತ್ತು ಎಕರೆ. ಬೇಲಿ ಹಾಕಿದ್ದು ಒಂದಕ್ಕೆ ಮಾತ್ರ.

ಮಳೆ ತೊಳೆದೊಯ್ಯುವುದು

ಇಷ್ಟೊಂದು ಸೊಪ್ಪು ತಿಂದ ತೋಟ ಅದನ್ನು ಏನು ಮಾಡುತ್ತಿತ್ತು? ಮಾರಾಟವಾಗಿ ಹೋಗುವ ಅಡಿಕೆಯಲ್ಲಿ ಅದರ ಒಂದಂಶ ಮಾತ್ರ ಇರುತ್ತದೆ. ಉಳಿದದ್ದರಲ್ಲಿ ಬಹುಪಾಲನ್ನು ಒಯ್ಯುವುದು ಮಳೆ.

ಶೃಂಗೇರಿಯಲ್ಲಿ ವರ್ಷಕ್ಕೆ ಮೂರು ಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಪೂರ್ವಕ್ಕೆ ನರಸಿಂಹರಾಜಪುರದ ಕಡೆಗೆ ಸಾಗಿದಂತೆ ಇದು ಇಳಿಯುತ್ತದೆ. ಒಂದು ಎಕರೆಗೆ ಸುಮಾರು 4047 ಚದರ ಮೀಟರ್. ಮೂರು ಮೀಟರ್ ಮಳೆ ಎಂದರೆ ಎಕರೆಯ ಮೇಲೆ ಸುಮಾರು 1 ಕೋಟಿ 20 ಲಕ್ಷ ಲೀಟರ್ ನೀರು, ಅದೂ ಹೆಚ್ಚಾಗಿ ನಾಲ್ಕು ತಿಂಗಳಲ್ಲಿ. ಮಣ್ಣಿನಲ್ಲಿ ಕರಗಿದ ಸಾರಜನಕ, ಪೊಟ್ಯಾಸಿಯಂಗಳು ಈ ನೀರಿನೊಡನೆ ಬಸಿಗಾಲುವೆಗೆ, ಅಲ್ಲಿಂದ ಹಳ್ಳಕ್ಕೆ, ತುಂಗೆಗೆ, ಭದ್ರೆಗೆ ಸೇರುತ್ತವೆ.

ಇನ್ನೊಂದು ಅಂಶವೂ ಇದೆ. ಐದು ಮಿಲಿಮೀಟರ್ ವ್ಯಾಸದ ದೊಡ್ಡ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ನೆಲಕ್ಕೆ ಬೀಳುತ್ತದೆ. ಒಂದು ಮಿಲಿಮೀಟರಿನ ಹನಿಗೆ ಹೋಲಿಸಿದರೆ ಅದರ ರಾಶಿ 125 ಪಟ್ಟು, ವೇಗದ ವರ್ಗ ಸುಮಾರು ಐದು ಪಟ್ಟು. ಆದ್ದರಿಂದ ಚಲನಶಕ್ತಿ ಆರುನೂರು ಪಟ್ಟಿಗೂ ಹೆಚ್ಚು. ಮರದ ನೆರಳು ಇದ್ದರೆ ಸಾಲದೇ? ಸಾಲದು. ಎಲೆಗಳ ಮೇಲೆ ಚಿಕ್ಕ ಹನಿಗಳು ಕೂಡಿ ದೊಡ್ಡ ಹನಿಗಳಾಗುತ್ತವೆ. ಹತ್ತು ಹದಿನೈದು ಮೀಟರ್ ಎತ್ತರದ ಅಡಿಕೆಯ ತುದಿಯಿಂದ ತೊಟ್ಟಿಕ್ಕುವ ಹನಿ ನೆಲ ಮುಟ್ಟುವಷ್ಟರಲ್ಲಿ ಹೆಚ್ಚು ಕಡಿಮೆ ತನ್ನ ಪೂರ್ಣ ವೇಗವನ್ನು ಪಡೆದಿರುತ್ತದೆ. ಅದರ ಪೆಟ್ಟನ್ನು ತಡೆಯುವುದು ನೆಲದ ಮೇಲಿನ ಹಾಸು. ಬುಡಕ್ಕೆ ಹಾಕಿದ ಸೊಪ್ಪು ಗೊಬ್ಬರವೂ ಹೌದು, ಮಣ್ಣಿನ ಛತ್ರಿಯೂ ಹೌದು. ಸೊಪ್ಪಿನ ಬದಲು ಚೀಲದ ಗೊಬ್ಬರ ಹಾಕಿದರೆ ಮೊದಲ ಕೆಲಸವಾದೀತು, ಎರಡನೆಯದು ಆಗದು.

ಕೊಳೆರೋಗ ಮತ್ತು ಮೈಲುತುತ್ತ

ತೋಟದ ಬೇಲಿಯನ್ನು ಸಮುದ್ರದಾಚೆಗೆ ಚಾಚಿದ ಮೊದಲ ಸಂಗತಿಗಳಲ್ಲಿ ಒಂದು ಕೊಳೆರೋಗ. ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಈ ರೋಗಕ್ಕೆ ನಮ್ಮ ರೈತರು ಇಟ್ಟ ಹೆಸರನ್ನೇ ವಿಜ್ಞಾನವೂ ತೆಗೆದುಕೊಂಡಿತು. ಕಾಫಿ ಗಿಡಕ್ಕೆ ಬರುವ ಇನ್ನೊಂದು ಬಗೆಯ ಕೊಳೆಯ ಶಿಲೀಂಧ್ರಕ್ಕೆ ಇಂಗ್ಲೆಂಡಿನ ಎಂ.ಸಿ.ಕುಕ್ 1876ರಲ್ಲಿ 'ಪೆಲಿಕ್ಯುಲೇರಿಯ ಕೊಳೆರೋಗ' ಎಂದೇ ನಾಮಕರಣ ಮಾಡಿದ. ಕನ್ನಡದ ಪದವೊಂದು ಲ್ಯಾಟಿನ್ ಹೆಸರಿನೊಳಗೆ ಸೇರಿದ ಅಪರೂಪದ ಪ್ರಸಂಗವಿದು.

ಹಿಂದೆ ಕೊಳೆ ತಡೆಯಲು ಗೊನೆಗೆ ಹುಲ್ಲಿನದೋ ಹಾಳೆಯದೋ ಕೊಟ್ಟೆ ಕಟ್ಟುತ್ತಿದ್ದರು. ಗೊನೆಗೆ ನೀರು ತಾಗದಿದ್ದರೆ ರೋಗಾಣು ಹರಡದು ಎಂಬುದು ಅನುಭವದ ತಿಳಿವಳಿಕೆ. ಮೈಸೂರು ಸಂಸ್ಥಾನದಲ್ಲಿ ಸಸ್ಯರೋಗ ಮತ್ತು ಕೀಟಗಳ ತಜ್ಞರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಬಗ್ಗೆ ವಿಸ್ತೃತ ವರದಿ ಪ್ರಕಟಿಸಿದರು. ರೋಗಕಾರಕ ಫೈಟಾಫ್ತೊರ ಎಂಬ ಸೂಕ್ಷ್ಮಜೀವಿ. ಪರಿಹಾರ ಬೋರ್ಡೊ ದ್ರಾವಣ. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗಾಗಿ ಮಿಲಾರ್ಡೆ 1885ರಲ್ಲಿ ಪ್ರಕಟಿಸಿದ ಮೈಲುತುತ್ತ-ಸುಣ್ಣದ ಈ ಮಿಶ್ರಣ ಕಾಲು ಶತಮಾನದೊಳಗೆ ಮಲೆನಾಡಿನ ಅಡಿಕೆ ಮರದ ತುದಿಗೇರಿತು. ಕಾಫಿಯ ಎಲೆರೋಗಗಳ ಅಧ್ಯಯನಕ್ಕಾಗಿ 1915ರಲ್ಲಿ ಕೊಪ್ಪದಲ್ಲಿ ಒಂದು ತಾತ್ಕಾಲಿಕ ಸಂಶೋಧನಾ ಘಟಕ ಆರಂಭವಾಯಿತು. 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಸ್ಥಾಪನೆಯಾಯಿತು. ಈ ಮೂರು ತಾಲ್ಲೂಕುಗಳು ಆಧುನಿಕ ಸಸ್ಯರೋಗ ವಿಜ್ಞಾನಕ್ಕೆ ಹೊಸಬವಲ್ಲ ಎಂಬುದನ್ನು ಗಮನಿಸಿ.

ಬೋರ್ಡೊ ದ್ರಾವಣ ಅಸಂಖ್ಯ ತೋಟಗಾರರನ್ನು ಉಳಿಸಿತು. ಅದನ್ನು ಬಿಡಿ ಎಂದು ಹೇಳುವುದು ಸುಲಭ, ಶ್ರಾವಣದ ಜಡಿಮಳೆಯಲ್ಲಿ ಉದುರಿದ ಕಾಯಿ ಆರಿಸುವವರಿಗೆ ಹಾಗೆ ಹೇಳುವುದು ನ್ಯಾಯವಲ್ಲ. ಆದರೆ ಲೆಕ್ಕದಲ್ಲಿ ಅದನ್ನೂ ಬರೆಯಬೇಕು. ಶೇಕಡ ಒಂದರ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕಿಲೋಗ್ರಾಂ ಮೈಲುತುತ್ತ, ಒಂದು ಕಿಲೋಗ್ರಾಂ ಸುಣ್ಣ. ಒಂದು ಕಿಲೋಗ್ರಾಂ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ತಾಮ್ರ ಮೂಲಧಾತು, ಸೊಪ್ಪಿನಂತೆ ಕೊಳೆಯುವುದಿಲ್ಲ, ಬೇರೆ ವಸ್ತುವಾಗಿ ಒಡೆಯುವುದೂ ಇಲ್ಲ. ನೂರು ವರ್ಷಗಳಿಂದ ಸಿಂಪಡಿಸಿದ ತಾಮ್ರದ ಒಂದು ಭಾಗ ತೋಟದ ಮಣ್ಣಿನಲ್ಲೇ ಕುಳಿತಿದೆ.

ಬೆಟ್ಟಕ್ಕೆ ಹಲವು ಪಾಲುದಾರರು

ಇತ್ತ ಬೆಟ್ಟ ಮತ್ತು ಕಾಡಿನ ಮೇಲೆ ತೋಟಗಾರನಲ್ಲದೆ ಬೇರೆಯವರ ಕಣ್ಣೂ ಬಿತ್ತು. ಮೈಸೂರು ಸಂಸ್ಥಾನದ ಅರಣ್ಯ ಇಲಾಖೆ 1864ರಲ್ಲಿ ಆರಂಭವಾಯಿತು. ಎಡೆಹಳ್ಳಿ ಎಂದು ಕರೆಯಲಾಗುತ್ತಿದ್ದ ಊರು 1915ರಲ್ಲಿ ಯುವರಾಜರ ಹೆಸರಿನಿಂದ ನರಸಿಂಹರಾಜಪುರವಾಯಿತು. ತರೀಕೆರೆಯಿಂದ ಅಲ್ಲಿಗೆ ಕಿರುಗೇಜಿನ ರೈಲೂ ಬಂತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಆರಂಭಿಸಿದಾಗ ಅದರ ಕುಲುಮೆಗೆ ಉರುವಲಾದದ್ದು ಕಲ್ಲಿದ್ದಲಲ್ಲ, ಮಲೆನಾಡಿನ ಕಾಡಿನ ಮರದಿಂದ ಮಾಡಿದ ಇದ್ದಿಲು. ಮುಂದೆ ಲಕ್ಕವಳ್ಳಿಯಲ್ಲಿ ಭದ್ರಾ ಅಣೆಕಟ್ಟು ಎದ್ದು, 1960ರ ದಶಕದಲ್ಲಿ ನರಸಿಂಹರಾಜಪುರದ ಸುತ್ತಲಿನ ಕಣಿವೆಗಳಿಗೆ ಹಿನ್ನೀರು ನುಗ್ಗಿತು. ಗದ್ದೆ, ತೋಟ, ರೈಲುದಾರಿಗಳು ಮುಳುಗಿದವು. ಅದೇ ನೀರು ಕಾಲುವೆಯಲ್ಲಿ ಹರಿದು ಬಯಲುಸೀಮೆಯಲ್ಲಿ ಮೊದಲು ಭತ್ತ, ಆಮೇಲೆ ಚನ್ನಗಿರಿಯಂಥ ಕಡೆ ಅಡಿಕೆಯನ್ನೂ ಬೆಳೆಸಿತು. ಸೊಪ್ಪಿನ ಬೆಟ್ಟವೇ ಇಲ್ಲದ ಆ ತೋಟಗಳು ಮಲೆನಾಡಿನ ಅಡಿಕೆಯೊಡನೆ ಒಂದೇ ಮಾರುಕಟ್ಟೆಯಲ್ಲಿ ಸ್ಪರ್ಧಿಸುತ್ತಿವೆ.

ಲೆಕ್ಕದಲ್ಲಿ ಮನುಷ್ಯರನ್ನು ಬಿಡುವಂತಿಲ್ಲ. ಎಕರೆಗೆ 6600 ಕಿಲೋಗ್ರಾಂ ಸೊಪ್ಪು ತಾನಾಗಿ ಬೆಟ್ಟ ಇಳಿದು ಬರಲಿಲ್ಲ. 25 ಕಿಲೋಗ್ರಾಮಿನ ಹೊರೆಯೆಂದರೆ 264 ಹೊರೆಗಳು. ಅವನ್ನು ಕಡಿದವರು, ಹೊತ್ತವರು ಬಹುಮಟ್ಟಿಗೆ ತೋಟದ ಒಡೆಯರಲ್ಲ; ಘಟ್ಟದ ಕೆಳಗಿನಿಂದ ಬಂದ ಆಳುಗಳು, ಜೀತಕ್ಕಿದ್ದವರು. ಜೀತ ಪದ್ಧತಿಯನ್ನು ನಿಷೇಧಿಸುವ ಕೇಂದ್ರ ಕಾಯಿದೆ ಬಂದದ್ದು 1976ರಲ್ಲಿ. ಹಳೆಯ ತೋಟದ ಸೊಬಗನ್ನು ಹೊಗಳುವಾಗ ಈ ಅಂಕಣವನ್ನು ಖಾಲಿ ಬಿಟ್ಟರೆ ಅದು ಇತಿಹಾಸವಾಗುವುದಿಲ್ಲ.

ಹಿತ್ತಲಿನಿಂದ ಎಲೆಗೆ

ಅಡಿಕೆ ದುಡ್ಡಿಗಾದರೆ, ಊಟಕ್ಕೆ ಆಧಾರ ಗದ್ದೆ ಮತ್ತು ಹಿತ್ತಲು. ಎಲ್ಲ ಮನೆಗಳ ಊಟವೂ ಸಸ್ಯಾಹಾರವಾಗಿರಲಿಲ್ಲ. ಗದ್ದೆಯ ಏಡಿ, ಹಳ್ಳದ ಮೀನು ಅನೇಕರಿಗೆ ಮಳೆಗಾಲದ ಮುಖ್ಯ ಆಹಾರ. ಆದರೆ ಯಾರ ಮನೆಯೇ ಆಗಲಿ, ಅನ್ನದ ಜೊತೆಗೆ ಬಡಿಸುತ್ತಿದ್ದುದರಲ್ಲಿ ಸೊಪ್ಪು, ಗೆಡ್ಡೆ, ಕಾಯಿಗಳದೇ ದೊಡ್ಡ ಪಾಲು. ಅವುಗಳಲ್ಲಿ ಹಲವನ್ನು ಬಿತ್ತಬೇಕಿರಲಿಲ್ಲ.

ಹಾಗೆಂದು ಸಿಕ್ಕಿದ ಎಲೆಯನ್ನೆಲ್ಲ ತಿನ್ನುವಂತಿಲ್ಲ. ಇಲ್ಲಿಯೇ ಅಡುಗೆಮನೆಯ ರಸಾಯನ ವಿಜ್ಞಾನ ಕಾಣುವುದು. ಕೆಸುವಿನ ಎಲೆಯಲ್ಲಿ ಸೂಜಿಯಂತಹ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ. ಬಾಯಿ ತುರಿಸುವುದು ಅವುಗಳಿಂದ. ಹುಳಿ ಬೆರೆಸಿ ಚೆನ್ನಾಗಿ ಬೇಯಿಸಿದರೆ ತುರಿಕೆ ತಗ್ಗುತ್ತದೆ. ಪತ್ರೊಡೆಯ ಅಕ್ಕಿಹಿಟ್ಟಿಗೆ ಹುಣಿಸೆಹಣ್ಣು ಬೇಕೇಬೇಕು ಎನ್ನುವುದು ರುಚಿಗಾಗಿ ಮಾತ್ರವಲ್ಲ. ಕಳಲೆಯಲ್ಲಿ, ಅಂದರೆ ಎಳೆ ಬಿದಿರಿನಲ್ಲಿ, ಸಯನೈಡನ್ನು ಬಿಡುಗಡೆ ಮಾಡುವ ಟ್ಯಾಕ್ಸಿಫಿಲಿನ್ ಎಂಬ ಸಂಯುಕ್ತವಿದೆ. ಕಳಲೆಯನ್ನು ತೆಳುವಾಗಿ ಹೆಚ್ಚಿದಾಗ ಜೀವಕೋಶಗಳು ಒಡೆದು ಹೈಡ್ರೊಜನ್ ಸಯನೈಡ್ ಹೊರಬರುತ್ತದೆ. ಅದು ನೀರಿನಲ್ಲಿ ಕರಗುತ್ತದೆ. ಅದರ ಕುದಿಬಿಂದು ಕೇವಲ 26 ಡಿಗ್ರಿ ಸೆಲ್ಸಿಯಸ್. ದಿನವೂ ನೀರು ಬದಲಿಸುತ್ತ ಎರಡು ಮೂರು ದಿನ ನೆನೆಸಿ, ಮುಚ್ಚದೆ ಬೇಯಿಸುವ ಕ್ರಮ ಈ ಎರಡೂ ಗುಣಗಳನ್ನು ಬಳಸಿಕೊಳ್ಳುತ್ತದೆ. ಪ್ರಯೋಗಾಲಯವಿಲ್ಲದೆ, ತಲೆಮಾರುಗಳ ಎಚ್ಚರದಿಂದ ಕಂಡುಕೊಂಡ ವಿಧಾನವಿದು.

ಮಳೆಗಾಲದ ನಾಲ್ಕು ತಿಂಗಳಿಗೆ ಬೇಸಿಗೆಯಲ್ಲೇ ಸಿದ್ಧತೆ. ಹಲಸಿನ ಹಪ್ಪಳಕ್ಕೆ ಮಾರ್ಚ್-ಏಪ್ರಿಲ್ ಬಿಸಿಲು. ಸೂರ್ಯನ ಶಕ್ತಿಯಿಂದ ನೀರಿನಂಶ ತೆಗೆದರೆ ಬೂಷ್ಟು ಬೆಳೆಯದು. ಹಲಸಿನ ಸೊಳೆಗೆ, ಅಪ್ಪೆಮಿಡಿಗೆ ಉಪ್ಪು. ಉಪ್ಪು ಮಿಡಿಯ ನೀರನ್ನು ಪರಾಸರಣದಿಂದ ಹೊರಗೆಳೆದು ಅದನ್ನು ಚಿರುಟಿಸುತ್ತದೆ, ಸೂಕ್ಷ್ಮಜೀವಿಗಳಿಗೂ ನೀರು ಸಿಗದಂತೆ ಮಾಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಹೊಗೆ ಮತ್ತು ಬಿಸಿಗಾಳಿಯಿಂದ ಕಾಳು, ಬೀಜಗಳ ರಕ್ಷಣೆ. ಶೈತ್ಯೀಕರಣದ ಒಂದು ಯೂನಿಟ್ ವಿದ್ಯುತ್ತೂ ಇಲ್ಲ.

ಹಸುವನ್ನು ಮರೆಯಬಾರದು. ಒಂದೆಲಗದ ತಂಬುಳಿಗೆ ಮಜ್ಜಿಗೆ ಬೇಕು. ಸಸ್ಯಗಳಿಂದ ಸಿಗದ ಬಿ12 ಜೀವಸತ್ವ ಸಸ್ಯಾಹಾರಿಗಳಿಗೆ ದೊರೆಯುತ್ತಿದ್ದುದು ಹಾಲು, ಮಜ್ಜಿಗೆಯಿಂದ. ಈಗ ಹಾಲನ್ನೂ ಬಿಟ್ಟು ಸಂಪೂರ್ಣ ಸಸ್ಯಮೂಲದ ಆಹಾರ ಸೇವಿಸುವವರು ಇದನ್ನು ಬೇರೆ ರೀತಿಯಲ್ಲಿ ತುಂಬಿಕೊಳ್ಳಲೇಬೇಕು. ಹಸು ಗುಡ್ಡದಲ್ಲಿ ಮೇದು ಕೊಟ್ಟಿಗೆಗೆ ತಂದ ಸಗಣಿಯೂ ಬೆಟ್ಟದ ಸತ್ವವೇ.

ಒಲೆಯೂ ಲೆಕ್ಕದಲ್ಲಿ

ಬಚ್ಚಲ ಹಂಡೆಯಲ್ಲಿ 60 ಲೀಟರ್ ನೀರನ್ನು 20 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 10 ಮೆಗಾಜೂಲ್ ಶಾಖ ಬೇಕು. ಒಣ ಸೌದೆಯ ಒಂದು ಕಿಲೋಗ್ರಾಮಿನಲ್ಲಿ ಸುಮಾರು 15 ಮೆಗಾಜೂಲ್ ಇದೆ. ಒಲೆಯ ದಕ್ಷತೆ ಶೇಕಡ ಹತ್ತಾದರೆ ಆರೂವರೆ ಕಿಲೋಗ್ರಾಮಿಗೂ ಹೆಚ್ಚು ಸೌದೆ. ಶೇಕಡ ಮೂವತ್ತಾದರೆ ಸುಮಾರು ಎರಡೂಕಾಲು ಕಿಲೋಗ್ರಾಂ. ವ್ಯತ್ಯಾಸವೆಲ್ಲ ಬೆಟ್ಟದಲ್ಲಿ ಉಳಿಯುವ ಮರ. ಅಡುಗೆ ಒಲೆ, ಸುಲಿದ ಅಡಿಕೆ ಬೇಯಿಸುವ ಹಂಡೆಯ ಒಲೆಗಳಿಗೂ ಇದೇ ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್.ರೆಡ್ಡಿ ಅವರ ಮುಂದಾಳತ್ವದಲ್ಲಿ ಆರಂಭವಾದ 'ಅಸ್ತ್ರ' ಘಟಕ ರೂಪಿಸಿದ ಅಸ್ತ್ರ ಒಲೆ ಈ ದಕ್ಷತೆಯನ್ನು ಹೆಚ್ಚಿಸಿತು, ಹೊಗೆಯನ್ನೂ ಅಡುಗೆಮನೆಯಿಂದ ಹೊರಗಟ್ಟಿತು. ಮಲೆನಾಡಿನ ಮನೆಗಳಲ್ಲಿ ಗೋಬರ್ ಗ್ಯಾಸ್ ಜನಪ್ರಿಯವಾದದ್ದು ಇನ್ನೊಂದು ಮಹತ್ವದ ಹೆಜ್ಜೆ. ಸಗಣಿಯಿಂದ ಇಂಧನ ತೆಗೆದ ಮೇಲೂ ಅದರ ಸಾರಜನಕ ಬಗ್ಗಡದಲ್ಲಿ ಉಳಿದು ತೋಟಕ್ಕೆ ಹೋಗುತ್ತದೆ.

ಬೇಲಿ ಚಾಚಿಕೊಂಡ ಬಗೆ

ಮಣ್ಣಿನಿಂದ ಬೆಳೆ ಒಯ್ದ ಖನಿಜಗಳನ್ನು ಮರಳಿ ಕೊಡದಿದ್ದರೆ ಮಣ್ಣು ಬಡವಾಗುತ್ತದೆ ಎಂದು ಜರ್ಮನಿಯ ಲೀಬಿಗ್ 1840ರಲ್ಲಿ ವಾದಿಸಿದ. 1909ರಲ್ಲಿ ಹಾಬರ್ ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸಿ ತೋರಿಸಿದ. 1913ರಲ್ಲಿ ಅದರ ಕಾರ್ಖಾನೆ ಆರಂಭವಾಯಿತು. ಈ ವಿಧಾನದ ಫಲವಾದ ಯೂರಿಯ ಚೀಲ ಮಲೆನಾಡಿಗೂ ಬಂತು. ಬೆಟ್ಟದ ಹೊರೆ ಇಳಿಯಿತು, ಹೊರುವವರ ಹೆಗಲೂ ಹಗುರಾಯಿತು. ಇದನ್ನು ಒಳಿತೆಂದೇ ಹೇಳಬೇಕು. ಆದರೆ ತೋಟದ ಬೇಲಿ ಈಗ ನೈಸರ್ಗಿಕ ಅನಿಲದ ಬಾವಿಯವರೆಗೆ ಚಾಚಿತು.

ಅಡಿಕೆಗೆ ಒಳ್ಳೆಯ ಧಾರಣೆ ಬಂದಾಗ ಗದ್ದೆಗಳು ತೋಟಗಳಾದವು. ಭತ್ತ ಬೆಳೆಯುತ್ತಿದ್ದ ಮನೆಗೆ ಅಕ್ಕಿ ಅಂಗಡಿಯಿಂದ ಬರತೊಡಗಿತು. ಹುಲ್ಲು ಕಡಿಮೆಯಾಗಿ ಹಸುಗಳು ಕಡಿಮೆಯಾದವು, ಗೊಬ್ಬರ ಕಡಿಮೆಯಾಯಿತು. ಒಂದು ಕೊಂಡಿ ಕಳಚಿದರೆ ಮುಂದಿನದೂ ಕಳಚುವುದು ಹೀಗೆ. ಅದೇ ಹೊತ್ತಿಗೆ ಈ ಮೂರು ತಾಲ್ಲೂಕುಗಳ ತೋಟಗಳು ಹಳದಿ ಎಲೆ ರೋಗದಿಂದ ದಶಕಗಳ ಕಾಲ ಸೊರಗಿವೆ. ಫೈಟೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯಿಂದ ಬರುವ ಇದಕ್ಕೆ ಔಷಧವಿಲ್ಲ. ಇತ್ತೀಚಿನ ವರ್ಷಗಳಲ್ಲಿ ಕೊಲೆಟೋಟ್ರೈಕಮ್ ಶಿಲೀಂಧ್ರದ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ. ಇನ್ನೊಂದು ಕಹಿಸತ್ಯ: ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ಅಡಿಕೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಊಟದ ಬೆಳೆಯನ್ನು ತೆಗೆದು, ತಿನ್ನಬಾರದ ಬೆಳೆಯನ್ನು ನೆಚ್ಚಿ, ಅದಕ್ಕೂ ರೋಗ ಬಂದರೆ ಮನೆಯ ಗತಿಯೇನು? ಶೃಂಗೇರಿಯ ಸೀಮೆಯಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಲ್ಲ.

ನಿಮ್ಮ ಹಿತ್ತಲಿನ ಲೆಕ್ಕ

ಹಾಗಾದರೆ ಹಳೆಯದಕ್ಕೆ ಮರಳಬೇಕೇ? ಜೀತವೂ ಒಂಬತ್ತು ಎಕರೆ ಬೆಟ್ಟವೂ ಇಲ್ಲದೆ ಅದು ಆಗದು, ಆಗಲೂಬಾರದು. ಹಳೆಯ ತೋಟದಿಂದ ಕಲಿಯಬಹುದಾದದ್ದು ಬೇರೆ ಇದೆ. ಸೊಪ್ಪು ಕೊಡುವ ಬೆಟ್ಟ ಮನೆಯಂಗಳದಿಂದಲೇ ಕಾಣುತ್ತಿತ್ತು. ಬೆಟ್ಟ ಬೋಳಾದರೆ ಮನೆಯವರಿಗೆ ಗೊತ್ತಾಗುತ್ತಿತ್ತು. ನಮ್ಮ ಇಂದಿನ ಬೆಟ್ಟಗಳು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಅವನ್ನು ಕಾಗದದ ಮೇಲಾದರೂ ಕಾಣುವಂತೆ ಮಾಡಬೇಕು.

ನೀವು ಕೊಪ್ಪದಲ್ಲಿರಿ, ಬೆಂಗಳೂರಿನ ತಾರಸಿ ಮನೆಯಲ್ಲಿರಿ, ಒಂದು ವರ್ಷ ಈ ಪ್ರಯೋಗ ಮಾಡಿ ನೋಡಿ. ನೋಟ್‌ಬುಕ್ಕಿನ ಒಂದು ಪುಟದಲ್ಲಿ ಎರಡು ಅಂಕಣ ಎಳೆಯಿರಿ. ಒಳಬಂದದ್ದು: ಅಕ್ಕಿ, ತರಕಾರಿ, ಗೊಬ್ಬರ, ಕುಂಡಕ್ಕೆ ತಂದ ಮಣ್ಣು, ತೆಂಗಿನ ನಾರಿನ ಪುಡಿ, ಗ್ಯಾಸ್ ಸಿಲಿಂಡರ್. ಹೊರಹೋದದ್ದು: ಕಸದ ಗಾಡಿಗೆ ಹಾಕಿದ ಸಿಪ್ಪೆ, ಉದುರಿದ ಎಲೆ, ಚರಂಡಿಗೆ ಹರಿದ ನೀರು. ತೂಕವನ್ನು ಅಂದಾಜಿನಲ್ಲಿ ಬರೆದರೂ ಸಾಕು. ನಂತರ ಒಂದೊಂದರ ಮುಂದೆ ಅದು ಬಂದ ಊರು, ಹೋದ ಊರು ಬರೆಯಿರಿ. ಶಾಲಾ ಶಿಕ್ಷಕರು ಇದನ್ನು ಮಕ್ಕಳಿಂದ ಮಾಡಿಸಬಹುದು. ರಾಶಿಯ ಸಂರಕ್ಷಣಾ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಕಷ್ಟ.

ಎರಡನೆಯ ಅಂಕಣದಿಂದ ಮೊದಲನೆಯದಕ್ಕೆ ಎಷ್ಟನ್ನು ಮರಳಿಸಬಹುದು ಎಂದು ಆಗ ಯೋಚಿಸಿ. ಅಡುಗೆಮನೆಯ ಸಿಪ್ಪೆ ಕಾಂಪೋಸ್ಟಾದರೆ ಒಂದು ಚೀಲ ಗೊಬ್ಬರ ಉಳಿಯಿತು. ಕುಂಡದ ಮಣ್ಣಿನ ಮೇಲೆ ಒಣ ಎಲೆ ಹಾಸಿದರೆ ಅರ್ಧ ಬಕೆಟ್ ನೀರು ಉಳಿಯಿತು. ಹಿತ್ತಲಿನ ಮೂಲೆಯಲ್ಲಿ ಒಂದು ಬುಡ ಬಸಳೆ, ಒಂದೆರಡು ಕೆಸು ಇದ್ದರೆ ವಾರಕ್ಕೊಂದು ದಿನ ತರಕಾರಿ ಲಾರಿಯ ಹಂಗು ತಪ್ಪಿತು. ತೋಟವುಳ್ಳವರಾದರೆ ಬೆಟ್ಟದ ಸೊಪ್ಪನ್ನು ಕಡಿಯುವ ಮೊದಲು ಆ ಭಾಗಾಕಾರವನ್ನು ಒಮ್ಮೆ ಮಾಡಿ: ಎಷ್ಟು ಎಕರೆ ತೋಟ, ಎಷ್ಟು ಎಕರೆ ಬೆಟ್ಟ, ಚದರ ಮೀಟರಿಗೆ ಎಷ್ಟು ಗ್ರಾಂ? ಉತ್ತರ ಇನ್ನೂರರ ಆಸುಪಾಸಿನಲ್ಲಿದೆಯೇ, ಏಳುನೂರನ್ನು ದಾಟಿದೆಯೇ ಎಂಬುದನ್ನು ನೋಡಿದ ಮೇಲೆ ಕತ್ತಿಯನ್ನು ಕೈಗೆತ್ತಿಕೊಳ್ಳಬಹುದು.